ಕಡಿಮೆ ಖರ್ಚಿನಲ್ಲಿ ಮನೆಗೆ ಸೋಲಾರ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಮಳೆಗಾಲದಲ್ಲಿ ಮಲೆನಾಡಿನ ಒಂಟಿಮನೆಗೆ ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತದೆಂದು ಹೇಳುವುದು ಕಷ್ಟ. ಮರ ಬಿದ್ದು ತಂತಿ ಹರಿದಿದ್ದರೆ ಒಂದು ಲೆಕ್ಕ, ಕಂಬವೇ ಮುರಿದಿದ್ದರೆ ಇನ್ನೊಂದು ಲೆಕ್ಕ. ಬಯಲುಸೀಮೆಯ ತೋಟದ ಮನೆಗಳ ಪಾಡೂ ಬೇರೆಯಲ್ಲ. ಅಲ್ಲಿ ಬೇಸಿಗೆಯ ರಾತ್ರಿ ಫ್ಯಾನು ನಿಂತರೆ ನಿದ್ದೆಯೂ ಹೋಯಿತು. ಇಂಥ ಮನೆಗಳಿಗೆ ಬೇಕಿರುವುದು ದೊಡ್ಡ ವಿದ್ಯುತ್ ಘಟಕವಲ್ಲ. ನಾಲ್ಕು ದೀಪ, ಎರಡು ಫ್ಯಾನು, ಒಂದು ಟೀವಿ, ಮೊಬೈಲು, ವೈಫೈ, ಇಷ್ಟು ನಡೆದರೆ ಸಾಕು. ಇಷ್ಟಕ್ಕೆ ಬೇಕಾದ ಸೋಲಾರ್ ವ್ಯವಸ್ಥೆಯನ್ನು ಸ್ಪ್ಯಾನರ್, ಸ್ಕ್ರೂಡ್ರೈವರ್ ಹಿಡಿದು ರೂಢಿಯಿರುವ ಯಾರಾದರೂ ಹೆಚ್ಚಿನ ಮಟ್ಟಿಗೆ ತಾವೇ ಕೂರಿಸಿಕೊಳ್ಳಬಹುದು. ಆದರೆ ಖರ್ಚು ಕಡಿಮೆ ಮಾಡುವ ಜಾಗ ಯಾವುದು, ಮಾಡಬಾರದ ಜಾಗ ಯಾವುದು ಎಂಬುದು ಮೊದಲೇ ಗೊತ್ತಿರಬೇಕು. ಈ ಲೇಖನದ ತಿರುಳು ಅದೇ.

## ಬಿಸಿಲು ಕರೆಂಟಾಗುವ ಬಗೆ

ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಒಂದೇ ದಿಕ್ಕಿಗೆ ಹರಿಯುತ್ತವೆ. ಆ ಹರಿವೇ ಡಿಸಿ ವಿದ್ಯುತ್ತು. ಕೆಲಸಕ್ಕೆ ಬರುವಂಥ ಮೊದಲ ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲಿ ತೋರಿಸಿತು. ಬಿದ್ದ ಬಿಸಿಲಿನಲ್ಲಿ ಅದು ವಿದ್ಯುತ್ತಾಗಿ ಬದಲಿಸುತ್ತಿದ್ದದ್ದು ಶೇ. 6ರಷ್ಟು. ಇಂದು ಮನೆಗಳಿಗೆ ಸಿಗುವ ಮೋನೋ ಪ್ಯಾನಲ್‌ಗಳು ಶೇ. 20ರಿಂದ 22ರಷ್ಟನ್ನು ಬದಲಿಸುತ್ತವೆ.

ಕರ್ನಾಟಕದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹೊಸತೇನಲ್ಲ. ಹರೀಶ್ ಹಂದೆ 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ನಮ್ಮ ಹಳ್ಳಿಗಳ ಮನೆ ಮನೆಗೆ ಇಂಥ ಸಣ್ಣ ವ್ಯವಸ್ಥೆಗಳನ್ನು ಮುಟ್ಟಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎಲ್ಲರಿಗೂ ಒಂದೇ ಅಳತೆಯದನ್ನು ಮಾರದೆ, ಆಯಾ ಮನೆಗೆ ಎಷ್ಟು ಬೇಕೋ ಅಷ್ಟನ್ನೇ ಕೂರಿಸುವುದು ಅವರ ಕೆಲಸದ ರೀತಿ. ಸ್ವಂತವಾಗಿ ಮಾಡಿಕೊಳ್ಳುವವರಿಗೂ ಅದೇ ದಾರಿ ಸರಿ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಸ್ನಾನದ ನೀರು ಕಾಯಿಸುವ ಸೋಲಾರ್ ಬಿಸಿಲಿನ ಶಾಖವನ್ನು ಬಳಸುತ್ತದೆ, ಕರೆಂಟು ಕೊಡುವುದಿಲ್ಲ. ಕರೆಂಟು ಕೊಡುವ ಪ್ಯಾನಲ್‌ಗೆ ಬೇಕಾದದ್ದು ಬೆಳಕು. ಶಾಖ ಅದಕ್ಕೆ ಶತ್ರು. ಪ್ಯಾನಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಬಿಸಿಯಾದಂತೆ ಶೇ. 0.35ರಷ್ಟು ಉತ್ಪಾದನೆ ಇಳಿಯುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಪ್ಯಾನಲ್ 65 ಡಿಗ್ರಿಗೆ ಕಾದರೆ ಶೇ. 14ರಷ್ಟು ಅಲ್ಲೇ ಹೋಯಿತು. ಪ್ಯಾನಲನ್ನು ತಾರಸಿಗೆ ಅಂಟಿಸಿದಂತೆ ಕೂರಿಸದೆ, ಕೆಳಗೆ ಗಾಳಿಯಾಡಲು ಜಾಗ ಬಿಡಬೇಕೆನ್ನುವುದು ಇದಕ್ಕೇ.

## ಆನ್‌ಗ್ರಿಡ್, ಆಫ್‌ಗ್ರಿಡ್: ಸ್ವಂತ ಕೈಗೆ ಯಾವುದು?

ಮನೆಯ ಸೋಲಾರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಆನ್‌ಗ್ರಿಡ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಉತ್ಪಾದನೆಯಾದ ಕರೆಂಟು ಮೊದಲು ಮನೆಗೆ ಹೋಗಿ, ಮಿಕ್ಕದ್ದು ಮೀಟರಿನ ಮೂಲಕ ಎಸ್ಕಾಂ ಲೈನಿಗೆ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಸಿಗುವುದು ಈ ಬಗೆಗೆ: 1 ಕಿಲೋವ್ಯಾಟಿಗೆ 30,000 ರೂಪಾಯಿ, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ 78,000. ಆದರೆ ಇದನ್ನು ನೋಂದಾಯಿತ ಮಾರಾಟಗಾರರೇ ಕೂರಿಸಬೇಕು, ಪ್ಯಾನಲ್ ಮತ್ತು ಅದರ ಕೋಶಗಳು ಭಾರತದಲ್ಲೇ ತಯಾರಾಗಿರಬೇಕು. ಮನೆಯವರೇ ಜೋಡಿಸಿ ಲೈನಿಗೆ ಕೊಡುವಂತಿಲ್ಲ.

ಆನ್‌ಗ್ರಿಡ್ ಹಾಕಿಸಿಕೊಳ್ಳುವವರಲ್ಲಿ ಅನೇಕರಿಗೆ ಮುಂಚೆ ತಿಳಿದಿರದ ಸಂಗತಿಯೊಂದಿದೆ. ಲೈನಿನಲ್ಲಿ ಕರೆಂಟು ಹೋದರೆ, ಎಷ್ಟೇ ಬಿಸಿಲಿದ್ದರೂ ಈ ವ್ಯವಸ್ಥೆ ತಾನಾಗಿಯೇ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹೋದ ಕರೆಂಟು ಹೊಡೆಯಬಾರದೆಂದು ಹೀಗೆ ಮಾಡಿರುತ್ತಾರೆ. ಅದು ಇರಲೇಬೇಕಾದ ಏರ್ಪಾಡು.

ಎರಡನೆಯದು ಆಫ್‌ಗ್ರಿಡ್: ಪ್ಯಾನಲ್, ಚಾರ್ಜ್ ಕಂಟ್ರೋಲರ್, ಬ್ಯಾಟರಿ, ಇನ್ವರ್ಟರ್. ಇದಕ್ಕೂ ಎಸ್ಕಾಂ ಲೈನಿಗೂ ಸಂಬಂಧವಿಲ್ಲ. ಸಬ್ಸಿಡಿಯಿಲ್ಲ, ಆದರೆ ಕರೆಂಟು ಹೋದಾಗ ಕೈಹಿಡಿಯುವುದು ಇದೇ. ಗೃಹಜ್ಯೋತಿಯಲ್ಲಿ ಬಿಲ್ಲೇ ಬರದ ಸಣ್ಣ ಬಳಕೆಯ ಮನೆಗಳು ಬಿಲ್ಲು ಉಳಿಸಲೆಂದು ಸೋಲಾರ್ ಹಾಕಿಸಿದರೆ ಹಾಕಿದ ದುಡ್ಡು ಹಿಂತಿರುಗುವುದು ಕಷ್ಟ. ಅಂಥವರಿಗೆ ಕರೆಂಟಿಲ್ಲದ ಹೊತ್ತಿಗಾಗುವ ಆಫ್‌ಗ್ರಿಡ್ಡೇ ಲೇಸು. ಮುಂದಿನ ಮಾತೆಲ್ಲ ಈ ಎರಡನೆಯ ಬಗೆಯ ಬಗ್ಗೆ.

## ಮೊದಲು ಹಾಳೆ, ಆಮೇಲೆ ಅಂಗಡಿ

ಪ್ಯಾನಲ್ ಎಷ್ಟು ವ್ಯಾಟಿನದು ಬೇಕು ಎಂದು ಅಂಗಡಿಯಲ್ಲಿ ಕೇಳುವ ಮೊದಲು ಮನೆಯಲ್ಲಿ ಒಂದು ಹಾಳೆ ಹಿಡಿದು ಕೂರಬೇಕು. ಪ್ರತಿ ಉಪಕರಣದ ವ್ಯಾಟನ್ನು ದಿನಕ್ಕೆ ಅದು ನಡೆಯುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ. ಇಂಥ 1,000 ಸೇರಿದರೆ ನಮ್ಮ ಬಿಲ್ಲಿನ ಒಂದು ಯೂನಿಟ್.

- 9 ವ್ಯಾಟಿನ 4 ಎಲ್‌ಇಡಿ ದೀಪ, 5 ಗಂಟೆ: 180
- 30 ವ್ಯಾಟಿನ 2 ಬಿಎಲ್‌ಡಿಸಿ ಫ್ಯಾನು, 8 ಗಂಟೆ: 480
- 50 ವ್ಯಾಟಿನ ಟೀವಿ, 3 ಗಂಟೆ: 150
- 10 ವ್ಯಾಟಿನ ವೈಫೈ, 12 ಗಂಟೆ: 120
- ಎರಡು ಮೊಬೈಲ್ ಚಾರ್ಜಿಂಗ್: 30
- ಒಟ್ಟು: 960 ವ್ಯಾಟ್ ಅವರ್

ಇದರಲ್ಲಿ ಫ್ಯಾನಿನ ಸಾಲನ್ನು ನೋಡಿ. ಹಳೆಯ ಸೀಲಿಂಗ್ ಫ್ಯಾನುಗಳು ಸುಮಾರು 75 ವ್ಯಾಟ್ ತಿನ್ನುತ್ತವೆ. ಅವನ್ನೇ ಇಟ್ಟುಕೊಂಡರೆ ಆ ಸಾಲು 480 ಇದ್ದದ್ದು 1,200 ಆಗುತ್ತದೆ. ಎರಡು ಫ್ಯಾನು ಬದಲಿಸಿದ್ದರಿಂದ ದಿನಕ್ಕೆ 720 ವ್ಯಾಟ್ ಅವರ್ ಉಳಿಯಿತು. ಅಂದರೆ 200 ವ್ಯಾಟಿನ ಒಂದು ಪ್ಯಾನಲ್, ಅದಕ್ಕೆ ತಕ್ಕ ಬ್ಯಾಟರಿ, ಎರಡನ್ನೂ ಕೊಳ್ಳುವ ಖರ್ಚು ತಪ್ಪಿತು. ಸೋಲಾರ್‌ನಲ್ಲಿ ದುಡ್ಡು ಉಳಿಯುವ ಮೊದಲ ಜಾಗ ಇದು.

ಇಸ್ತ್ರಿಪೆಟ್ಟಿಗೆ, ಗೀಸರ್, ಮಿಕ್ಸಿ, ಪಂಪ್‌ಸೆಟ್ಟುಗಳನ್ನು ಈ ಹಾಳೆಗೆ ತರಬಾರದು. ಇಸ್ತ್ರಿಪೆಟ್ಟಿಗೆಯೊಂದೇ 1,000 ವ್ಯಾಟ್ ಎಳೆಯುತ್ತದೆ. ಮೋಟಾರು ಹೊರಡುವಾಗ ತನ್ನ ಸಾಮಾನ್ಯ ಕರೆಂಟಿನ ಹಲವು ಪಟ್ಟು ಕೇಳುತ್ತದೆ, ಸಣ್ಣ ಇನ್ವರ್ಟರ್ ಅದನ್ನು ತಡೆಯುವುದಿಲ್ಲ.

## ಪ್ಯಾನಲ್ ಎಷ್ಟು, ಎಂಥದ್ದು?

ಕರ್ನಾಟಕದಲ್ಲಿ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಸುಮಾರು 5 ಗಂಟೆಯ ಪೂರ್ಣ ಬಿಸಿಲು ಸಿಗುತ್ತದೆಂದು ಲೆಕ್ಕ. ಶಾಖ, ಧೂಳು, ವೈರು, ಬ್ಯಾಟರಿ, ಇನ್ವರ್ಟರ್‌ಗಳಲ್ಲಿ ಹೋಗುವುದನ್ನು ಕಳೆದು ಶೇ. 70 ಕೈಗೆ ಬರುತ್ತದೆಂದುಕೊಳ್ಳಿ. 960ನ್ನು 5ರಿಂದಲೂ 0.7ರಿಂದಲೂ ಭಾಗಿಸಿದರೆ 274 ವ್ಯಾಟ್. ಮಾರುಕಟ್ಟೆಯಲ್ಲಿ ಸಿಗುವ 330 ವ್ಯಾಟಿನ ಒಂದೇ ಪ್ಯಾನಲ್ ಈ ಮನೆಗೆ ಸಾಕು.

ಮಲೆನಾಡಿನವರು ಮಳೆಗಾಲಕ್ಕೆ ಇನ್ನೊಂದು ಲೆಕ್ಕ ಹಾಕಬೇಕು. ಜುಲೈ ತಿಂಗಳಲ್ಲಿ ದಿನಕ್ಕೆ ಎರಡೇ ಗಂಟೆಯ ಬಿಸಿಲೆಂದರೆ ಅದೇ ಪ್ಯಾನಲ್ ಕೊಡುವುದು 460 ವ್ಯಾಟ್ ಅವರ್, ಬೇಕಾದದ್ದರ ಅರ್ಧ. ಆಗ ಟೀವಿ, ಫ್ಯಾನು ಕೈಬಿಟ್ಟು ದೀಪ, ಮೊಬೈಲು, ವೈಫೈ ಉಳಿಸಿಕೊಂಡರೆ 330ಕ್ಕೆ ಇಳಿಯುತ್ತದೆ. ಮಳೆಗಾಲದ ಚಳಿಯಲ್ಲಿ ಫ್ಯಾನು ಬೇಡವಾದ್ದರಿಂದ ಇದು ಹೇಗೂ ಸರಿದೂಗುತ್ತದೆ. ಮಳೆಗಾಲದ ಕೊರತೆ ನೀಗಲೆಂದು ಪ್ಯಾನಲ್ಲು, ಬ್ಯಾಟರಿ ಎರಡನ್ನೂ ಇಮ್ಮಡಿ ಮಾಡುವುದು ಜೇಬಿಗೆ ಭಾರ.

ಪ್ಯಾನಲ್ ಬೆಲೆಯನ್ನು ಯಾವಾಗಲೂ ವ್ಯಾಟಿಗೆ ಎಷ್ಟು ರೂಪಾಯಿ ಎಂದು ಭಾಗಿಸಿ ನೋಡಬೇಕು. 50 ವ್ಯಾಟಿನ ನಾಲ್ಕಾರು ಸಣ್ಣ ಪ್ಯಾನಲ್ಲುಗಳಿಗಿಂತ ದೊಡ್ಡದೊಂದು ವ್ಯಾಟಿನ ಲೆಕ್ಕದಲ್ಲಿ ಅಗ್ಗ. ಹಿಂಬದಿಯ ಲೇಬಲಿನಲ್ಲಿ ಐಎಸ್ 14286 ಗುರುತು, ವ್ಯಾಟ್, ವೋಲ್ಟೇಜ್, ಕರೆಂಟು ಇವೆಲ್ಲ ಸ್ಪಷ್ಟವಾಗಿರಬೇಕು. ಹಳೆಯ ಪ್ಯಾನಲ್ ಕೊಳ್ಳುವವರು ಬಿಸಿಲಿನಲ್ಲಿಟ್ಟು ಮಲ್ಟಿಮೀಟರ್ ಹಿಡಿದು ವೋಲ್ಟೇಜು ಲೇಬಲ್ಲಿಗೆ ಹತ್ತಿರವಿದೆಯೇ ನೋಡಬೇಕು. ಗಾಜಿನಡಿ ಗುಳ್ಳೆ, ಸುಟ್ಟ ಕಂದು ಕಲೆ ಕಂಡರೆ ಬಿಟ್ಟುಬಿಡುವುದು ಒಳ್ಳೆಯದು.

## ಚಾರ್ಜ್ ಕಂಟ್ರೋಲರ್: ಕಣ್ಣಿಗೆ ಕಾಣದ ನಷ್ಟ

ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಕುಳಿತು, ಬ್ಯಾಟರಿ ತುಂಬಿದಾಗ ತಡೆದು ಕಾಯುವುದು ಚಾರ್ಜ್ ಕಂಟ್ರೋಲರ್. ಇದರಲ್ಲಿ ಪಿಡಬ್ಲ್ಯೂಎಂ, ಎಂಪಿಪಿಟಿ ಎಂದು ಎರಡು ಜಾತಿ. ಪಿಡಬ್ಲ್ಯೂಎಂ ಬಹಳ ಅಗ್ಗ, ಮತ್ತು ಮೋಸ ಹೋಗುವುದೂ ಇಲ್ಲಿಯೇ.

330 ವ್ಯಾಟಿನ ಪ್ಯಾನಲ್ ಸುಮಾರು 37 ವೋಲ್ಟಿನಲ್ಲಿ 8.9 ಆಂಪಿಯರ್ ಕೊಡುತ್ತದೆ. ಪಿಡಬ್ಲ್ಯೂಎಂ ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವುದರಿಂದ ವೋಲ್ಟೇಜು 13ಕ್ಕೆ ಕುಸಿಯುತ್ತದೆ, ಆಂಪಿಯರ್ ಅಷ್ಟೇ ಉಳಿಯುತ್ತದೆ. 13ನ್ನು 8.9ರಿಂದ ಗುಣಿಸಿದರೆ 116 ವ್ಯಾಟ್. ಅಂದರೆ ದುಡ್ಡು ಕೊಟ್ಟದ್ದು 330ಕ್ಕೆ, ಸಿಕ್ಕಿದ್ದು ಮೂರರಲ್ಲೊಂದು ಪಾಲು. ಎಂಪಿಪಿಟಿ ಹೆಚ್ಚುವರಿ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸಿ, ಬ್ಯಾಟರಿಗೆ 24 ಆಂಪಿಯರ್ ಆಸುಪಾಸು ಮುಟ್ಟಿಸುತ್ತದೆ.

ಹಾಗಾಗಿ ದೊಡ್ಡ ಪ್ಯಾನಲ್ಲಿಗೆ 30 ಆಂಪಿಯರಿನ ಎಂಪಿಪಿಟಿ ಬೇಕೇ ಬೇಕು. 12 ವೋಲ್ಟಿನ ಬ್ಯಾಟರಿಗೆಂದೇ ಮಾಡಿದ 36 ಕೋಶಗಳ ಪ್ಯಾನಲ್ ಆದರೆ ಪಿಡಬ್ಲ್ಯೂಎಂ ನಡೆಯುತ್ತದೆ. ಕಂಟ್ರೋಲರ್ ತಡೆಯಬಲ್ಲ ಗರಿಷ್ಠ ವೋಲ್ಟೇಜು ಪ್ಯಾನಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜಿಗಿಂತ ಸಾಕಷ್ಟು ಹೆಚ್ಚಿರಬೇಕು. ಚಳಿಯ ಮುಂಜಾನೆ ಪ್ಯಾನಲ್ಲಿನ ವೋಲ್ಟೇಜು ಲೇಬಲಿನಲ್ಲಿ ಬರೆದದ್ದನ್ನೂ ಮೀರುತ್ತದೆ.

## ಬ್ಯಾಟರಿ: ಖರ್ಚಿನ ದೊಡ್ಡ ಪಾಲು

ವರ್ಷಗಳ ಲೆಕ್ಕದಲ್ಲಿ ಹೆಚ್ಚು ದುಡ್ಡು ತಿನ್ನುವುದು ಬ್ಯಾಟರಿ, ಏಕೆಂದರೆ ಪ್ಯಾನಲ್ 25 ವರ್ಷ ನಿಂತರೆ ಬ್ಯಾಟರಿಯನ್ನು ನಡುವೆ ಹಲವು ಸಲ ಬದಲಿಸಬೇಕು. ನಮ್ಮ ಲೆಕ್ಕದ ಮನೆಗೆ ರಾತ್ರಿಗೆ ಬೇಕಾದದ್ದು ಸುಮಾರು 700 ವ್ಯಾಟ್ ಅವರ್, ಇನ್ವರ್ಟರಿನ ನಷ್ಟ ಸೇರಿ 820.

ಲೆಡ್ ಆಸಿಡ್ ಟ್ಯೂಬುಲರ್ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ 1,640 ವ್ಯಾಟ್ ಅವರ್ ಹಿಡಿಯುವಂಥದು, ಅಂದರೆ 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ಬೇಕು. ಸೋಲಾರ್ ಬ್ಯಾಟರಿಗೆ ಸಿ10, ಇನ್ವರ್ಟರ್ ಬ್ಯಾಟರಿಗೆ ಸಿ20 ಎಂದು ಬರೆದಿರುತ್ತಾರೆ. ಹತ್ತು ಗಂಟೆಯಲ್ಲಿ 150 ಕೊಡುವುದಕ್ಕೂ ಇಪ್ಪತ್ತು ಗಂಟೆಯಲ್ಲಿ 150 ಕೊಡುವುದಕ್ಕೂ ವ್ಯತ್ಯಾಸವಿದೆ, ಮೊದಲನೆಯದೇ ಗಟ್ಟಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ. 80ರವರೆಗೆ ಬಳಸಬಹುದಾದ್ದರಿಂದ 100 ಆಂಪಿಯರ್ ಅವರ್ ಸಾಕು. ಬೆಲೆ ಮೊದಲಿಗೆ ಹೆಚ್ಚು, ಬಾಳಿಕೆಯೂ ಹೆಚ್ಚು, ನೀರು ಹಾಕುವ ಕೆಲಸವಿಲ್ಲ. ಕಂಟ್ರೋಲರಿನಲ್ಲಿ ಬ್ಯಾಟರಿಯ ಜಾತಿಯನ್ನು ಸರಿಯಾಗಿ ಆರಿಸಿಡುವುದನ್ನು ಮಾತ್ರ ಮರೆಯಬಾರದು.

ಮನೆಯಲ್ಲಿ ಈಗಾಗಲೇ ಇನ್ವರ್ಟರ್, ಬ್ಯಾಟರಿ ಇದ್ದರೆ ಅದೃಷ್ಟ. ಅದಕ್ಕೇ ಪ್ಯಾನಲ್ ಮತ್ತು ಎಂಪಿಪಿಟಿ ಸೇರಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಒಂದೇ ತೊಡಕೆಂದರೆ, ಬೆಳಗಿನ ಹೊತ್ತಿಗೆ ಲೈನ್ ಕರೆಂಟೇ ಬ್ಯಾಟರಿ ತುಂಬಿಸಿಟ್ಟಿದ್ದರೆ ಬಿಸಿಲಿಗೆ ಕೆಲಸವಿರುವುದಿಲ್ಲ. ಹಗಲು ಇನ್ವರ್ಟರಿನ ಮೇನ್ಸ್ ಆಫ್ ಮಾಡಿಟ್ಟರೆ ಆ ಸಮಸ್ಯೆ ತೀರುತ್ತದೆ.

## ವೈರು: ನನ್ನ ಮನೆಯ ಪಾಠ

ನಾನು ಮೊದಲ ಸಲ ಕೂರಿಸಿದ್ದು 100 ವ್ಯಾಟಿನ ಎರಡು ಪ್ಯಾನಲ್, ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ. ಬ್ಯಾಟರಿಯಿದ್ದ ಕೋಣೆಗೆ ಅಲ್ಲಿಂದ 15 ಮೀಟರ್. ಮನೆಗೆ ವೈರಿಂಗ್ ಮಾಡಿಸಿದಾಗ ಮಿಕ್ಕಿದ್ದ 1.5 ಚದರ ಮಿಲಿಮೀಟರಿನ ವೈರು ಇತ್ತು, ಅದನ್ನೇ ಎಳೆದೆ. ತಿಂಗಳು ಕಳೆದರೂ ಬ್ಯಾಟರಿ ಒಂದು ದಿನವೂ ತುಂಬಲಿಲ್ಲ. ಪ್ಯಾನಲ್ಲೇ ಸರಿಯಿಲ್ಲವೆಂದುಕೊಂಡೆ. ಒಂದು ಮಧ್ಯಾಹ್ನ ಮಲ್ಟಿಮೀಟರ್ ಹಿಡಿದು ಎರಡೂ ತುದಿ ನೋಡಿದಾಗ ಅಂಗಳದಲ್ಲಿ 16.8 ವೋಲ್ಟ್, ಕೋಣೆಯಲ್ಲಿ 13.3. ನಡುವಿನ ಮೂರೂವರೆ ವೋಲ್ಟು, ಅಂದರೆ ಐದರಲ್ಲೊಂದು ಪಾಲು, ವೈರನ್ನು ಬಿಸಿ ಮಾಡುತ್ತ ಕೂತಿತ್ತು. 6 ಚದರ ಮಿಲಿಮೀಟರಿನ ಸೋಲಾರ್ ಡಿಸಿ ಕೇಬಲ್ ಹಾಕಿದ ಮೇಲೆ ಆ ವ್ಯತ್ಯಾಸ ಒಂದು ವೋಲ್ಟಿಗೆ ಇಳಿಯಿತು. ಮೂರನೆಯ ದಿನ ಸಂಜೆಗೆ ಬ್ಯಾಟರಿ ತುಂಬಿತು.

ಕಡಿಮೆ ವೋಲ್ಟೇಜಿನಲ್ಲಿ ಅಷ್ಟೇ ವ್ಯಾಟ್ ಸಾಗಿಸಲು ಹೆಚ್ಚು ಆಂಪಿಯರ್ ಬೇಕು, ಹೆಚ್ಚು ಆಂಪಿಯರಿಗೆ ದಪ್ಪ ತಾಮ್ರ ಬೇಕು. ದೂರವಿದ್ದರೆ ಹೆಚ್ಚು ವೋಲ್ಟೇಜಿನ ಪ್ಯಾನಲ್ಲು, ಜೊತೆಗೆ ಎಂಪಿಪಿಟಿ ಇಟ್ಟುಕೊಂಡರೆ ನಷ್ಟ ಇನ್ನೂ ಕಡಿಮೆ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ವೈರು ಕನಿಷ್ಠ 16 ಚದರ ಮಿಲಿಮೀಟರ್ ಇರಲಿ, ಉದ್ದ ಒಂದೂವರೆ ಮೀಟರ್ ದಾಟದಿರಲಿ. ಬಿಸಿಲಿಗೆ ಬೀಳುವ ಕೇಬಲ್ ಬಿಸಿಲು ತಡೆಯುವಂಥದ್ದೇ ಆಗಬೇಕು. ಮನೆಯೊಳಗಿನ ವೈರಿನ ಮೇಲ್ಪೊರೆ ಬಿಸಿಲಿನಲ್ಲಿ ಬಿರುಕು ಬಿಡುತ್ತದೆ.

## ಎಲ್ಲಿ, ಹೇಗೆ ಕೂರಿಸಬೇಕು?

ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ, ಆ ಊರಿನ ಅಕ್ಷಾಂಶದಷ್ಟು ಓರೆಯಾಗಿರಬೇಕು. ಮೈಸೂರಿನ ಕಡೆ 12 ಡಿಗ್ರಿ, ಬೀದರಿನಲ್ಲಿ 18ರ ಹತ್ತಿರ. 10 ಡಿಗ್ರಿಗಿಂತ ಕಡಿಮೆಯಾದರೆ ಮಳೆನೀರು ಧೂಳನ್ನು ತೊಳೆದುಕೊಂಡು ಹೋಗದೆ ಕೆಳಗಿನ ಅಂಚಿನಲ್ಲಿ ಕೆಸರು ನಿಲ್ಲುತ್ತದೆ.

ನೆರಳಿನ ವಿಷಯದಲ್ಲಿ ಉದಾಸೀನ ಬೇಡ. ಪ್ಯಾನಲ್ಲಿನ ಕೋಶಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿದವು. ತೆಂಗಿನ ಒಂದು ಗರಿಯ ನೆರಳು ಒಂದೇ ಕೋಶದ ಮೇಲೆ ಪೂರ್ತಿ ಬಿದ್ದರೂ ಪ್ಯಾನಲ್ಲಿನ ಮೂರರಲ್ಲೊಂದು ಭಾಗ ಕೆಲಸ ನಿಲ್ಲಿಸಬಹುದು. ಸ್ಥಳ ಗೊತ್ತು ಮಾಡುವ ಮುಂಚೆ ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುವುದು ನೆನಪಿರಲಿ.

ಆರ್‌ಸಿಸಿ ತಾರಸಿಯಾದರೆ ಜಿಐ ಚೌಕಟ್ಟನ್ನು ಕಾಂಕ್ರೀಟ್ ದಿಮ್ಮಿಗಳಿಗೆ ಬಿಗಿದು ನಿಲ್ಲಿಸಬಹುದು. ತಾರಸಿ ಕೊರೆದರೆ ಮಳೆಗಾಲದಲ್ಲಿ ಸೋರುವ ಭಯ. ಮಂಗಳೂರು ಹೆಂಚಿನ ಮನೆಯಲ್ಲಿ ಚೌಕಟ್ಟಿನ ಹಿಡಿಕೆ ಪಕಾಸಿಗೇ ಬಿಗಿಯಬೇಕು, ರೀಪಿಗಲ್ಲ. ಹೆಂಚು ಒಡೆಯುವ, ಮಂಗ ಹಾರುವ ಕಡೆಗಳಲ್ಲಿ ಅಂಗಳದಲ್ಲೊಂದು ಕಂಬ ನೆಟ್ಟು ಕೂರಿಸುವುದು ವಾಸಿ, ತೊಳೆಯಲೂ ಸುಲಭ. ಪ್ಯಾನಲ್ಲು ಗಾಳಿಗೆ ಹಾಯಿಯಂತೆ ಮೈಯೊಡ್ಡುತ್ತದೆ. ನಟ್ಟು ಬೋಲ್ಟಿನಲ್ಲಿ ಚೌಕಾಸಿ ಮಾಡಬಾರದು.

## ಜೋಡಿಸುವ ಕ್ರಮ ಮತ್ತು ಎಚ್ಚರ

ಮೊದಲು ಕಂಟ್ರೋಲರಿಗೆ ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ತಿರುವುಮುರುವು: ಮೊದಲು ಪ್ಯಾನಲ್, ಕೊನೆಗೆ ಬ್ಯಾಟರಿ. ಬ್ಯಾಟರಿಯಿಲ್ಲದೆ ಪ್ಯಾನಲ್ ಕೊಟ್ಟರೆ ಕೆಲವು ಕಂಟ್ರೋಲರುಗಳು ಸುಟ್ಟುಹೋಗುತ್ತವೆ.

ಬಿಸಿಲಿರುವಷ್ಟು ಹೊತ್ತು ಪ್ಯಾನಲ್ಲಿಗೆ ಸ್ವಿಚ್ ಇಲ್ಲ. ಕೆಲಸ ಮಾಡುವಾಗ ದಪ್ಪ ಕಂಬಳಿ ಹೊದಿಸಿ ಅಥವಾ ಬೆಳಗಾಗುವ ಮುನ್ನ ಮುಗಿಸಿ. ಕರೆಂಟು ಹರಿಯುತ್ತಿರುವಾಗ ಎಂಸಿ4 ಕನೆಕ್ಟರ್ ಎಳೆಯಬಾರದು. ಡಿಸಿಯ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ. ಇದೇ ಕಾರಣಕ್ಕೆ ಪ್ಯಾನಲ್ ಕಡೆಗೆ ಡಿಸಿ ಎಂಸಿಬಿಯನ್ನೇ ಹಾಕಬೇಕು, ಮನೆಯ ಬೋರ್ಡಿನ ಎಸಿ ಎಂಸಿಬಿ ಆಗುವುದಿಲ್ಲ. ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರ ಫ್ಯೂಸ್ ಇರಲೇಬೇಕು. ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ತಾಗಿದರೆ ಸಾವಿರ ಆಂಪಿಯರ್ ದಾಟಿ ಹರಿದು ಕಬ್ಬಿಣವೇ ಕೆಂಡವಾಗುತ್ತದೆ. ಉಂಗುರ, ಬಳೆ, ಕಡಗ ತೆಗೆದಿಟ್ಟೇ ಕೈಹಾಕಿ. ಲೆಡ್ ಆಸಿಡ್ ಬ್ಯಾಟರಿ ತುಂಬುವಾಗ ಹೈಡ್ರೋಜನ್ ಬಿಡುವುದರಿಂದ ಅದನ್ನು ಗಾಳಿಯಾಡುವ ಕಡೆ, ದೇವರ ದೀಪ ಮತ್ತು ಒಲೆಯಿಂದ ದೂರ ಇಡಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಊರುಗಳಲ್ಲಿ ಚೌಕಟ್ಟಿಗೆ ಸರಿಯಾದ ಅರ್ಥಿಂಗ್, ಪ್ಯಾನಲ್ ಲೈನಿಗೆ ಡಿಸಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಇನ್ವರ್ಟರಿನಿಂದ ಮನೆಯ 230 ವೋಲ್ಟಿನ ವೈರಿಂಗಿಗೆ ಸೇರಿಸುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಬೇಕು. ಎಸ್ಕಾಂ ಲೈನು, ಇನ್ವರ್ಟರ್ ಎರಡೂ ಒಟ್ಟಿಗೆ ಸೇರದಂತೆ ಚೇಂಜ್‌ಓವರ್ ಇರಲೇಬೇಕು.

## ಉಳಿತಾಯದ ಜಾಗ

ದುಡ್ಡು ಉಳಿಸಬಹುದಾದ ಕಡೆಗಳು ಇವು: ಫ್ಯಾನು ಮತ್ತು ದೀಪ ಬದಲಿಸಿ ಬೇಡಿಕೆ ತಗ್ಗಿಸುವುದು, ಇರುವ ಇನ್ವರ್ಟರನ್ನೇ ಬಳಸುವುದು, ಒಂದೇ ದೊಡ್ಡ ಪ್ಯಾನಲ್ ಕೊಳ್ಳುವುದು, ಚೌಕಟ್ಟನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದು, ಕೂರಿಸುವ ಕೂಲಿ. ಉಳಿಸಬಾರದ ಕಡೆಗಳು: ತಾಮ್ರದ ದಪ್ಪ, ಫ್ಯೂಸು, ಡಿಸಿ ಎಂಸಿಬಿ, ಅರ್ಥಿಂಗ್, ಕನೆಕ್ಟರಿನ ಕ್ರಿಂಪಿಂಗ್. ಈ ಐದಕ್ಕೂ ಸೇರಿ ತಗಲುವುದು ಒಟ್ಟು ಖರ್ಚಿನ ಸಣ್ಣ ಪಾಲು. ಆದರೆ ಬೆಂಕಿ ಹೊತ್ತಿಕೊಂಡರೆ ಹೊತ್ತಿಕೊಳ್ಳುವುದು ಇಲ್ಲಿಂದಲೇ.

## ಕೂರಿಸಿದ ಮೇಲಿನ ನಿಗಾ

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಬರಿಯ ನೀರು, ಮೆತ್ತನೆಯ ಬಟ್ಟೆಯಿಂದ ಪ್ಯಾನಲ್ ಒರೆಸಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಲೆಡ್ ಆಸಿಡ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ, ಬಾವಿಯ ನೀರು ಬೇಡ. ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಟ್ಟಿದರೆ ತೆಗೆದು ಪೆಟ್ರೋಲಿಯಂ ಜೆಲ್ಲಿ ಸವರಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಎಲ್ಲ ಬೋಲ್ಟು ಬಿಗಿಮಾಡಿ, ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದೆಯೇ ನೋಡಿ.

ಕೊನೆಯದಾಗಿ, ಮೊದಲ ದಿನ ಲೆಕ್ಕ ಬರೆದ ಆ ಹಾಳೆಯನ್ನು ಎಸೆಯಬೇಡಿ. ಯಾವ ವೈರು ಎಷ್ಟು ದಪ್ಪ, ಯಾವ ಫ್ಯೂಸು ಎಷ್ಟು ಆಂಪಿಯರ್, ಬ್ಯಾಟರಿ ತಂದ ದಿನ ಯಾವುದು, ಬಿಸಿಲಿನಲ್ಲಿ ಎರಡು ತುದಿಯ ವೋಲ್ಟೇಜು ಎಷ್ಟಿತ್ತು, ಇಷ್ಟನ್ನು ಅದರಲ್ಲೇ ಬರೆದು ಕಂಟ್ರೋಲರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ. ನಮ್ಮ ಮನೆಯ ಪೆಟ್ಟಿಗೆಯಲ್ಲೂ ಅಂಥದ್ದೊಂದು ಹಾಳೆಯಿದೆ. ಅದರ ಮೇಲ್ತುದಿಯಲ್ಲಿ 16.8, 13.3 ಎಂದು ಬರೆದು ಅಡ್ಡಗೆರೆ ಎಳೆದಿದ್ದೇನೆ. ಕಳೆದ ಮಳೆಗಾಲ ನಾನು ಊರಲ್ಲಿಲ್ಲದಾಗ ದೀಪ ನಿಂತಿತು. ಮಗಳು ಆ ಹಾಳೆ ನೋಡಿ, ಮಲ್ಟಿಮೀಟರ್ ಹಿಡಿದು, ಹೋಗಿದ್ದ ಫ್ಯೂಸನ್ನು ಹುಡುಕಿ, ಅಷ್ಟೇ ಆಂಪಿಯರಿನದ್ದನ್ನು ಹಾಕಿದಳು. ಸ್ವಂತ ಕೈಯಿಂದ ಕೂರಿಸಿಕೊಂಡದ್ದರ ನಿಜವಾದ ಲಾಭ ಉಳಿದ ಕೂಲಿಯಲ್ಲಿಲ್ಲ, ಕೆಟ್ಟಾಗ ಮನೆಯವರೇ ಸರಿಮಾಡಿಕೊಳ್ಳುವುದರಲ್ಲಿದೆ.